ಭಾಷಾಕಲಿಕೆಯ ತಂತ್ರಾಂಶವನ್ನು ಕೊಳ್ಳಬೇಕೆ? ಜರ್ಮನ್ ಸೂಚಿಗಳನ್ನು ಓದಬೇಕಾದವರ ದೃಷ್ಟಿಯಿಂದ ಒಂದು ವಿಚಾರ

ಜೈನ ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದವರಿಗೆ ಒಂದಲ್ಲ ಒಂದು ದಿನ ಜರ್ಮನ್ ಭಾಷೆಯ ಪುಟವೊಂದು ಎದುರಾಗುವುದು ಅನಿವಾರ್ಯವೆಂದೇ ಹೇಳಬೇಕು. ಗೇಯೋರ್ಗ್ ಬ್ಯೂಲರ್ ಅವರು ಮುಂಬಯಿ ಸರಕಾರದ ಅನುಮತಿ ಪಡೆದು 1870ರ ದಶಕದಲ್ಲಿ ಬರ್ಲಿನ್ನಿನ ರಾಜಗ್ರಂಥಾಲಯಕ್ಕೆ ದೊರಕಿಸಿಕೊಟ್ಟ ಜೈನ ಹಸ್ತಪ್ರತಿಗಳೂ, ಅವುಗಳ ಆಧಾರದಿಂದ ಆಲ್ಬ್ರೆಖ್ಟ್ ವೇಬರ್ ಅವರು ಜೈನಾಗಮಗಳನ್ನು ಕುರಿತು ಬರೆದ ದೀರ್ಘ ಪ್ರಬಂಧವೂ ವಿದ್ವಾಂಸರಿಗೆ ಪರಿಚಿತವಾದವು. ಆ ಪ್ರಬಂಧ 1883ರಿಂದ 1885ರ ಅವಧಿಯಲ್ಲಿ ಪ್ರಕಟವಾಯಿತು. ಅದೇ ಗ್ರಂಥಾಲಯದ ಸಂಸ್ಕೃತ ಮತ್ತು ಪ್ರಾಕೃತ ಹಸ್ತಪ್ರತಿಗಳಿಗೆ ವೇಬರ್ ಅವರೇ ಸಿದ್ಧಪಡಿಸಿದ ವರ್ಣನಾತ್ಮಕ ಸೂಚಿ 1853ರಿಂದ 1892ರವರೆಗೆ ಸಂಪುಟ ಸಂಪುಟವಾಗಿ ಹೊರಬಂದಿತು. 1891ರ ಅನಂತರ ಅಲ್ಲಿಗೆ ಸೇರಿದ ಜೈನ ಹಸ್ತಪ್ರತಿಗಳ ಸೂಚಿಯನ್ನು ವಾಲ್ಟರ್ ಶುಬ್ರಿಂಗ್ ಅವರು 1944ರಲ್ಲಿ ಲೈಪ್‌ಸಿಗ್‌ನಲ್ಲಿ ಪ್ರಕಟಿಸಿದರು. ಈ ಸೂಚಿಗಳೆರಡೂ ಜರ್ಮನ್ ಭಾಷೆಯಲ್ಲಿವೆ. ಯಾವುದೋ ಒಂದು ಕೃತಿಯ ಪಾಠಾಂತರವನ್ನು ನಿರ್ಣಯಿಸಲು ಹೊರಟವರು ಬರ್ಲಿನ್ ಪ್ರತಿಯ ಹಾಳೆಗಳೆಷ್ಟು, ಸಾಲುಗಳೆಷ್ಟು, ಕಾಲ ಯಾವುದು, ಎಲ್ಲಿ ತ್ರುಟಿತವಾಗಿದೆ ಎಂಬುದನ್ನು ಅಲ್ಲಿಯೇ ನೋಡಬೇಕು.

(ಜರ್ಮನ್ನರಾದ ಕಿಟೆಲ್ ಅವರು ತಮ್ಮ 1894ರ ಕನ್ನಡ ನಿಘಂಟನ್ನು ಇಂಗ್ಲಿಷಿನಲ್ಲಿ ಅರ್ಥ ಕೊಟ್ಟು ರಚಿಸಿದ್ದರಿಂದ ನಾವು ಒಂದು ತೊಡಕಿನಿಂದ ಪಾರಾದೆವು. ಎಲ್ಲರೂ ಹಾಗೆ ಮಾಡಲಿಲ್ಲ.)

ಇತ್ತೀಚೆಗೆ ಈ ಕ್ಷೇತ್ರಕ್ಕೆ ಬರುತ್ತಿರುವ ತರುಣ ಅಭ್ಯಾಸಿಗಳು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೊಬೈಲಿನಲ್ಲಿಯೂ ಗಣಕಯಂತ್ರದಲ್ಲಿಯೂ ಜರ್ಮನ್ ಕಲಿಸುವ ತಂತ್ರಾಂಶಗಳು ಅನೇಕ ಇವೆ. ಅವುಗಳಲ್ಲೊಂದಕ್ಕೆ ವರ್ಷದ ಚಂದಾ ತೆತ್ತರೆ ಈ ಸೂಚಿಗಳನ್ನು ಓದಲು ಬಂದೀತೆ? ಸಂಸ್ಥೆಗಳ ಗ್ರಂಥಾಲಯಗಳಿಗೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಬರುತ್ತಿದೆ: ಪುಸ್ತಕಕ್ಕೆಂದು ಇರಿಸಿದ ಅಲ್ಪ ಹಣದಲ್ಲಿ ತಂತ್ರಾಂಶವನ್ನು ಕೊಳ್ಳುವುದು ಯುಕ್ತವೆ? ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳಲಾಗದು. ಆದರೆ ಉತ್ತರವನ್ನು ಕಂಡುಕೊಳ್ಳುವ ಬಗೆಯನ್ನು ಸೂಚಿಸಬಹುದು. ಬೆಲೆಯನ್ನು ನೋಡುವ ಮುನ್ನ ಆ ತಂತ್ರಾಂಶವು ಕಲಿಯುವವನಿಂದ ದಿನವೂ ಮಾಡಿಸುವ ಕೆಲಸ ಯಾವುದು, ಆತನಿಗೆ ಬೇಕಾದ ಕೆಲಸ ಯಾವುದು, ಇವೆರಡೂ ಒಂದೇ ಹೌದೊ ಅಲ್ಲವೊ ಎಂಬುದನ್ನು ನೋಡಬೇಕು. ಉಳಿದ ವಿಚಾರಗಳೆಲ್ಲ ಇದರ ಹಿಂದೆ ಬರತಕ್ಕವು.

ಅದಕ್ಕೂ ಮುನ್ನ, ಜರ್ಮನ್ ಕಲಿಯುವ ಅಗತ್ಯವೇ ಇದೆಯೆ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು. ಪಿಶೆಲ್ ಅವರು 1900ರಲ್ಲಿ ಪ್ರಕಟಿಸಿದ ಪ್ರಾಕೃತ ವ್ಯಾಕರಣವನ್ನು ಸುಭದ್ರ ಝಾ ಅವರು 1957ರಲ್ಲಿ ಇಂಗ್ಲಿಷಿಗೆ ತಂದರು. ಜೈನ ತತ್ತ್ವವನ್ನು ಕುರಿತ ಶುಬ್ರಿಂಗ್ ಅವರ 1935ರ ಗ್ರಂಥ 1962ರಲ್ಲಿ ಇಂಗ್ಲಿಷಿನಲ್ಲಿ ಬಂದಿತು. ಆವಶ್ಯಕ ಸಾಹಿತ್ಯವನ್ನು ಕುರಿತ ಲೊಯ್ಮಾನ್ ಅವರ ಕೃತಿ 1934ರಲ್ಲಿ ಅಚ್ಚಾಗಿದ್ದು, 2010ರಲ್ಲಿ ಅದಕ್ಕೂ ಇಂಗ್ಲಿಷ್ ಅನುವಾದ ದೊರೆಯಿತು. ಸ್ಟ್ರಾಸ್‌ಬುರ್ಗಿನ ಜೈನ ಹಸ್ತಪ್ರತಿಗಳ ಸೂಚಿಯನ್ನು ಚಂದ್ರಭಾಲ ತ್ರಿಪಾಠಿ ಅವರು 1975ರಲ್ಲಿ ಇಂಗ್ಲಿಷಿನಲ್ಲಿಯೇ ಪ್ರಕಟಿಸಿದರು. ಈ ಗ್ರಂಥಗಳಷ್ಟೇ ಸಾಕಾಗುವವರು ಜರ್ಮನ್ ಕಲಿಯಲು ಹಣವನ್ನಾಗಲಿ ಕಾಲವನ್ನಾಗಲಿ ವ್ಯಯಮಾಡಬೇಕಾದುದಿಲ್ಲ. ವೇಬರ್ ಮತ್ತು ಶುಬ್ರಿಂಗ್ ಅವರ ಸೂಚಿಗಳು ಬೇಕಾದವರ ಮಾತು ಬೇರೆ.

ಯಂತ್ರಾನುವಾದ ಇರುವಾಗ ಕಲಿಯುವುದೇತಕ್ಕೆ ಎಂಬ ಆಕ್ಷೇಪವೂ ಉಂಟು. ಇಂದು ಮೊಬೈಲಿನ ಕ್ಯಾಮರಾವನ್ನು ಪುಟದ ಮೇಲೆ ಹಿಡಿದರೆ ಜರ್ಮನ್ ಸಾಲುಗಳು ಕ್ಷಣದಲ್ಲಿ ಇಂಗ್ಲಿಷಿಗೋ ಕನ್ನಡಕ್ಕೋ ತಿರುಗುತ್ತವೆ. ಪ್ರಬಂಧವೊಂದರ ಒಟ್ಟು ಆಶಯವನ್ನು ತಿಳಿಯಲು ಇದು ಸಾಕು. ಅದನ್ನು ಉಪಯೋಗಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಆದರೆ ಸೂಚಿಯ ಭಾಷೆ ಪ್ರಬಂಧದ ಭಾಷೆಯಲ್ಲ. ಅಲ್ಲಿ ಪೂರ್ಣ ವಾಕ್ಯಗಳು ಕಡಿಮೆ, ಸಂಕ್ಷೇಪಾಕ್ಷರಗಳು ಹೆಚ್ಚು. 'ಬ್ಲಾಟ್' ಎಂದರೆ ಹಾಳೆ. ಅದರ ಮೊದಲ ಎರಡು ಅಕ್ಷರಗಳನ್ನಷ್ಟೆ ಇಟ್ಟು ಚುಕ್ಕೆ ಹಾಕುತ್ತಾರೆ. 'ತ್ಸೈಲೆ' ಎಂದರೆ ಸಾಲು. ಅದಕ್ಕೆ ಒಂದೇ ಅಕ್ಷರ. ಅದರ ನಡುವೆ ಪ್ರಾಕೃತದ ಆದಿ ಅಂತ್ಯ ವಾಕ್ಯಗಳು ಸೇರಿಕೊಂಡಿರುತ್ತವೆ. ಇಂಥ ತುಣುಕು ಬರಹದಲ್ಲಿ ಯಂತ್ರ ಎಡವುವುದುಂಟು. ಎಡವಿದುದು ಎಲ್ಲಿ ಎಂಬುದನ್ನು ಭಾಷೆ ತಿಳಿಯದವನು ಗುರುತಿಸಲಾರ.

ಇಲ್ಲಿ ಒಂದು ಪದವನ್ನು ತುಸು ವಿಸ್ತಾರವಾಗಿ ವಿಚಾರಿಸಬೇಕು; ಈ ಲೇಖನದ ಪ್ರಶ್ನೆಗೆ ಅದೇ ಒರೆಗಲ್ಲು. ಜರ್ಮನ್ನಿನಲ್ಲಿ 'ವೋಲ್' ಎಂಬ ಪುಟ್ಟ ಪದವೊಂದಿದೆ. ಆರಂಭದ ಪಾಠಗಳಲ್ಲಿ ಅದು ಸಾಮಾನ್ಯವಾಗಿ 'ಕ್ಷೇಮ', 'ಹಿತ' ಎಂಬರ್ಥದಲ್ಲಿ ಪರಿಚಯವಾಗುತ್ತದೆ. ವಿದ್ವತ್ ಬರಹದಲ್ಲಿಯಾದರೋ ಅದರ ಅರ್ಥ 'ಬಹುಶಃ', 'ಇರಬಹುದು' ಎಂದು. ಸೂಚಿಕಾರರು ಕಾಲವನ್ನು ಹೇಳುವಾಗ ಶತಮಾನದ ಹಿಂದೆ ಈ ಪದವನ್ನು ಸೇರಿಸಿದರೆ, ಪ್ರತಿಯಲ್ಲಿ ಕಾಲ ನಮೂದಾಗಿಲ್ಲ, ಲಿಪಿಯನ್ನೂ ಕಾಗದವನ್ನೂ ನೋಡಿ ಊಹಿಸಿದ್ದೇನೆ ಎಂದು ಹೇಳಿದಂತಾಯಿತು. ಓದುವವನು ಇದನ್ನು ಬಿಟ್ಟು 16ನೆಯ ಶತಮಾನದ ಪ್ರತಿ ಎಂದು ತನ್ನ ಲೇಖನದಲ್ಲಿ ಬರೆದನೆನ್ನಿ. ಆತನನ್ನು ಉಲ್ಲೇಖಿಸುವ ಮತ್ತೊಬ್ಬನಿಗೆ ಅದು ಸಿದ್ಧವಾದ ಸಂಗತಿ. ಮೂರನೆಯವನು ಆ ಪ್ರತಿಯನ್ನೇ ಪ್ರಾಚೀನತಮವೆಂದು ಹಿಡಿದು ಪಾಠನಿರ್ಣಯ ಮಾಡುತ್ತಾನೆ. ಊಹೆಯೊಂದು ಪ್ರಮಾಣವಾಗುವುದು ಹೀಗೆ. 'ಜೊಲ್' ಎಂಬ ಕ್ರಿಯಾಪದವೂ ಇಂಥದೇ. ಪಾಠಗಳಲ್ಲಿ ಅದಕ್ಕೆ 'ಬೇಕು', 'ತಕ್ಕದ್ದು' ಎಂದು ಅರ್ಥ ಹೇಳಿಕೊಡುತ್ತಾರೆ. ಆದರೆ ಒಂದು ಪ್ರತಿ ಇಂಥ ವರ್ಷದಲ್ಲಿ ಬರೆಯಲ್ಪಟ್ಟಿತೆಂಬ ಹೇಳಿಕೆಯೊಡನೆ ಅದು ಬಂದಾಗ, ಹಾಗೆಂದು ಯಾರೋ ಹೇಳಿದ್ದಾರೆ, ನಾನು ಕಂಡಿಲ್ಲ ಎಂಬ ಅರ್ಥ ಬರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ತಿಳಿಸಲು ಹಲವು ವೇಳೆ ಮೂರು ನಾಲ್ಕು ಪದಗಳನ್ನು ಜೋಡಿಸುತ್ತಾರೆ. ಕನ್ನಡದಲ್ಲಿ 'ಅಂತೆ' ಎಂಬ ಒಂದು ಪ್ರತ್ಯಯ ಸಾಕು: 'ಬರೆಯಿತಂತೆ', 'ಇತ್ತಂತೆ'.

ಈಗ ತಂತ್ರಾಂಶಗಳ ಕಡೆಗೆ ತಿರುಗಬಹುದು. ಅವು ಹೊರನೋಟಕ್ಕೆ ನಾನಾ ಬಗೆಯಾಗಿ ಕಂಡರೂ ಅವುಗಳ ಹಿಂದಿರುವ ಕ್ರಮಗಳು ಕೆಲವೇ. ಅಮೆರಿಕೆಯಲ್ಲಿ 1992ರಲ್ಲಿ ಆರಂಭವಾದ ಸಂಸ್ಥೆಯೊಂದರಿಂದ ಬಂದ ರೊಸೆಟ್ಟಾ ಸ್ಟೋನ್ ಚಿತ್ರಗಳ ಮೂಲಕ ಕಲಿಸುವ ಕ್ರಮಕ್ಕೆ ಪ್ರಸಿದ್ಧ. ಅದರ ಮುಖ್ಯ ಪಾಠಗಳು ಕಲಿಯುವವನ ಭಾಷೆಯ ವಿವರಣೆಯನ್ನು ನೆಚ್ಚುವುದಿಲ್ಲ. ನಾಲ್ಕು ಚಿತ್ರಗಳನ್ನು ತೋರಿಸಿ ಒಂದು ವಾಕ್ಯವನ್ನು ನುಡಿಯುತ್ತದೆ. ಹೊಂದುವ ಚಿತ್ರವನ್ನು ಆರಿಸಬೇಕು. ಹುಡುಗ ಓಡುತ್ತಾನೆ, ಹೆಂಗಸು ಸೇಬು ತಿನ್ನುತ್ತಾಳೆ ಎಂಬಂಥ ವಾಕ್ಯಗಳು ಇದರಿಂದ ಕಿವಿಗೂ ನಾಲಗೆಗೂ ಚೆನ್ನಾಗಿ ಹತ್ತುತ್ತವೆ. ಆದರೆ 'ಬಹುಶಃ' ಎಂಬುದಕ್ಕೆ ಚಿತ್ರವಿಲ್ಲ. 'ಅಂತೆ' ಎಂಬುದನ್ನು ಯಾವ ಚಿತ್ರಕಾರನೂ ಬರೆಯಲಾರ. ನಮಗೆ ಬೇಕಾದ ಪದಗಳ ಪೈಕಿ ಮುಖ್ಯವಾದವು ಚಿತ್ರಕ್ಕೆ ನಿಲುಕದ ಪದಗಳು. ಚಿತ್ರವನ್ನೇ ನೆಚ್ಚಿದ ಕ್ರಮ ಅವನ್ನು ಕಲಿಸುವಲ್ಲಿ ದುರ್ಬಲವಾಗಿರುವುದು ಸಹಜವೇ.

ಪಾಲ್ ಪಿಮ್ಸ್ಲರ್ ಅವರ ಹೆಸರಿನ ಪಾಠಗಳು ಮುಖ್ಯವಾಗಿ ಧ್ವನಿಮುದ್ರಿತವಾದವು. ಕೇಳಿ ಉತ್ತರ ಹೇಳುವುದು ಅವುಗಳ ಜೀವಾಳ. ಹಾಂಬುರ್ಗಿಗೋ ಟ್ಯೂಬಿಂಗೆನ್ನಿಗೋ ಅಧ್ಯಯನಕ್ಕೆ ಹೊರಟವರಿಗೆ ಇವು ಉಪಕಾರಿ. ಓದಬೇಕಾದವನ ಕೈಗೆ ಪುಟವನ್ನೇ ಕೊಡದ ಪಾಠದಿಂದ ಆತನಿಗೆ ಆಗುವ ಲಾಭ ಅಲ್ಪ.

ಡುವೊಲಿಂಗೊ 2012ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹಣ ಕೊಡದೆಯೂ ಅದನ್ನು ಬಳಸಬಹುದಾದುದರಿಂದ ಕೊಳ್ಳುವ ಪ್ರಶ್ನೆ ಅಲ್ಲಿ ಮೊದಲ ದಿನವೇ ಏಳುವುದಿಲ್ಲ. ಅಲ್ಲಿ ಅನುವಾದದ ಅಭ್ಯಾಸವಿದೆ, ವಾಕ್ಯಗಳನ್ನು ಓದುವುದೂ ಇದೆ. ಮೊದಲ ಎರಡು ಮೂರು ತಿಂಗಳು ಭಾಷೆಯ ಪರಿಚಯಕ್ಕೆ ಅದನ್ನು ಉಪಯೋಗಿಸಿಕೊಳ್ಳಬಹುದು. ತೊಡಕು ಇರುವುದು ಅದು ಕೊಡುವ ಅಂಕಗಳಲ್ಲಿ. ಎಡೆಬಿಡದೆ ಎಷ್ಟು ದಿನ ಬಂದಿರಿ ಎಂಬುದನ್ನು ಅದು ಎಣಿಸುತ್ತದೆ. ನೂರು ದಿನಗಳ ಸರಣಿಯನ್ನು ಮುರಿಯಬಾರದೆಂಬ ಹಟದಿಂದ ರಾತ್ರಿ ಮಲಗುವ ಮುನ್ನ ಐದು ನಿಮಿಷ ಸುಲಭವಾದ ಪಾಠವನ್ನೇ ಮತ್ತೆ ಮಾಡಿ ಮುಗಿಸುವವರನ್ನು ನಾನು ಬಲ್ಲೆ. ಅಂಕ ಬೆಳೆಯುತ್ತದೆ, ಓದು ಬೆಳೆಯುವುದಿಲ್ಲ.

ನನ್ನ ಅನುಭವವನ್ನೂ ಇಲ್ಲಿ ಹೇಳುವುದು ನ್ಯಾಯ. ಹೆಸರು ಹೇಳಬೇಕಾಗಿಲ್ಲದ ಒಂದು ತಂತ್ರಾಂಶಕ್ಕೆ ನಾನು ಒಂದು ವರ್ಷದ ಚಂದಾ ತೆತ್ತೆ. ಐದು ತಿಂಗಳು ಬಿಡದೆ ಅಭ್ಯಾಸ ಮಾಡಿದೆ. ಉಪಾಹಾರಗೃಹದಲ್ಲಿ ಕಾಫಿ ಕೇಳುವುದು, ರೈಲು ಎಷ್ಟು ಗಂಟೆಗೆ ಹೊರಡುವುದೆಂದು ವಿಚಾರಿಸುವುದು, ಹಣ್ಣುಗಳ ಹೆಸರು, ಬಣ್ಣಗಳ ಹೆಸರು ಇವೆಲ್ಲ ಬಂದವು. ವೇಬರ್ ಸೂಚಿಯ ಒಂದು ನಮೂದನ್ನು ತೆಗೆದು ನೋಡಿದಾಗ ಗೊತ್ತಾದುದು ಹತ್ತು ಪದಗಳಲ್ಲಿ ಎರಡೋ ಮೂರೋ. ಅವೂ ಉಪಪದ, ಸಂಯೋಜಕ ಮೊದಲಾದ ಸಣ್ಣ ಪದಗಳೇ. ತಂತ್ರಾಂಶದಲ್ಲಿ ದೋಷವಿತ್ತೆಂದು ಹೇಳಲಾರೆ; ಅದು ಮಾತನಾಡುವ ಪ್ರವಾಸಿಗಾಗಿ ರಚಿತವಾದುದು. ನಾನು ಪ್ರವಾಸಿಯಲ್ಲವೆಂಬುದನ್ನು ಕೊಳ್ಳುವಾಗ ಯೋಚಿಸಲಿಲ್ಲ.

ಮಾತನಾಡುವವನಿಗೂ ಓದುವವನಿಗೂ ಬೇಕಾದ ವ್ಯಾಕರಣ ಒಂದೇ ಅಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಜರ್ಮನ್ನಿನಲ್ಲಿ ಮೂರು ಲಿಂಗಗಳುಂಟು. ಅವು ಬಹುಮಟ್ಟಿಗೆ ಅರ್ಥವನ್ನು ಅನುಸರಿಸುವುದಿಲ್ಲ. ಹುಡುಗಿ ಎಂಬರ್ಥದ 'ಮೇಡ್ಖನ್' ನಪುಂಸಕಲಿಂಗ. ಮಾತನಾಡುವವನು ಪ್ರತಿಯೊಂದು ನಾಮಪದದ ಲಿಂಗವನ್ನೂ ನೆನಪಿಡಬೇಕು, ಇಲ್ಲದಿದ್ದರೆ ಉಪಪದ ತಪ್ಪುತ್ತದೆ. ಓದುವವನಿಗೆ ಉಪಪದ ಪುಟದ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಗುರುತಿಸಿದರೆ ಸಾಕು. ಬಹುಪಾಲು ತಂತ್ರಾಂಶಗಳು ಉಪಪದದ ತಪ್ಪಿಗೆ ಅಂಕ ಕಳೆದು ಅದೇ ಪಾಠವನ್ನು ಮತ್ತೆ ಮಾಡಿಸುತ್ತವೆ. ಓದಬೇಕಾದವನ ಸಮಯ ಹೀಗೆ ಅನಗತ್ಯವಾದುದರಲ್ಲಿ ಕಳೆಯುತ್ತದೆ.

ಕನ್ನಡ ಬಲ್ಲವರಿಗೆ ಜರ್ಮನ್ ಓದುವುದರಲ್ಲಿ ಒಂದು ವಿಶೇಷ ಅನುಕೂಲವಿದೆ. ಇಂಗ್ಲಿಷ್ ಮಾಧ್ಯಮದ ತಂತ್ರಾಂಶಗಳು ಅದನ್ನು ಉಪಯೋಗಿಸಿಕೊಳ್ಳುವುದಿಲ್ಲ, ಉಪಯೋಗಿಸಿಕೊಳ್ಳಲೂ ಆರವು. ವಿದ್ವತ್ ಜರ್ಮನ್ನಿನಲ್ಲಿ ನಾಮಪದದ ಹಿಂದೆ ಉದ್ದನೆಯ ಕೃದಂತ ವಿಶೇಷಣವನ್ನು ಇಡುವ ಪದ್ಧತಿ ಉಂಟು. ಉದಾಹರಣೆಗಾಗಿ ನಾನೇ ರಚಿಸಿದ ಒಂದು ಪದಪುಂಜವನ್ನು ನೋಡಬಹುದು: 'ಡೀ ಫೋನ್ ಐನೆಮ್ ಶ್ಯೂಲರ್ ಇನ್ ಪಾಟನ್ ಗೆಶ್ರೀಬೆನೆ ಹಾಂಟ್‌ಶ್ರಿಫ್ಟ್'. ಇದನ್ನು ಕನ್ನಡಕ್ಕೆ ತಂದರೆ 'ಒಬ್ಬ ಶಿಷ್ಯನಿಂದ ಪಾಟಣದಲ್ಲಿ ಬರೆಯಲ್ಪಟ್ಟ ಹಸ್ತಪ್ರತಿ' ಎಂದಾಗುತ್ತದೆ. ಪದಗಳ ಅನುಕ್ರಮ ಬಹುಮಟ್ಟಿಗೆ ಒಂದೇ. ವಿಭಕ್ತಿಯ ಸ್ಥಾನದಲ್ಲಿ ಬರುವ ಪದ ಜರ್ಮನ್ನಿನಲ್ಲಿ ನಾಮಪದಕ್ಕೆ ಮೊದಲು ಬರುತ್ತದೆ, ನಮ್ಮಲ್ಲಿ ಪ್ರತ್ಯಯವಾಗಿ ಕೊನೆಗೆ ಹತ್ತುತ್ತದೆ; ವ್ಯತ್ಯಾಸ ಅಷ್ಟೆ. ಇಂಗ್ಲಿಷಿಗೆ ತರುವವನು ಹಸ್ತಪ್ರತಿಯನ್ನು ಮುಂದಕ್ಕೆ ಎಳೆದು ವಾಕ್ಯವನ್ನು ಬುಡಮೇಲು ಮಾಡಬೇಕು. ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದೂ ಹಾಗೆಯೇ. 'ವೈಲ್ ಡಾಸ್ ಲೆಟ್ಸ್ಟೆ ಬ್ಲಾಟ್ ಫೇಲ್ಟ್' ಎಂಬಲ್ಲಿ 'ಫೇಲ್ಟ್' ಎಂದರೆ 'ಇಲ್ಲ', 'ಲೋಪವಾಗಿದೆ'. 'ಕೊನೆಯ ಹಾಳೆ ಇಲ್ಲದ ಕಾರಣ' ಎಂಬ ನಮ್ಮ ವಾಕ್ಯದಲ್ಲಿಯೂ ಇಲ್ಲವೆಂಬುದು ಹಾಳೆಯ ಅನಂತರವೇ ಬರುತ್ತದೆ. ಸಮಾಸಪದಗಳ ಮಾತಂತೂ ಹೇಳಬೇಕಾದುದೇ ಇಲ್ಲ. 'ಹಾಂಟ್‌ಶ್ರಿಫ್ಟನ್‌ಫೆರ್‌ತ್ಸೈಖ್ನಿಸ್' ಎಂಬ ಪದವನ್ನು ಕಂಡು ಇಂಗ್ಲಿಷ್ ಬಲ್ಲವರು ಹೌಹಾರುತ್ತಾರೆ. ಹಾಂಟ್ ಎಂದರೆ ಕೈ, ಶ್ರಿಫ್ಟ್ ಎಂದರೆ ಬರಹ, ಫೆರ್‌ತ್ಸೈಖ್ನಿಸ್ ಎಂದರೆ ಸೂಚಿ. ಹಸ್ತಲಿಖಿತಸೂಚಿ ಎಂದು ವಿಗ್ರಹ ಮಾಡಲು ಸಂಸ್ಕೃತದ ಅಭ್ಯಾಸವುಳ್ಳವರಿಗೆ ಎಷ್ಟು ಹೊತ್ತು? ಆದುದರಿಂದ ಇಂಗ್ಲಿಷಿನಿಂದ ಕಲಿಯುವವರಿಗಾಗಿ ರಚಿತವಾದ ತಂತ್ರಾಂಶವು ಕಷ್ಟವೆಂದು ತಿಂಗಳುಗಟ್ಟಲೆ ಮುಂದೂಡಿದ ವಿಷಯಗಳನ್ನು ನಮ್ಮವರು ಎರಡನೆಯ ವಾರದಲ್ಲಿಯೇ ಕೈಗೆತ್ತಿಕೊಳ್ಳಬಹುದು. ತಂತ್ರಾಂಶದ ನಡಿಗೆಗೆ ನಾವು ಕಾಯಬೇಕಾಗಿಲ್ಲ.

ಕಾಗುಣಿತದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 1901ರಲ್ಲಿ ಬರ್ಲಿನ್ನಿನಲ್ಲಿ ನಡೆದ ಸಮ್ಮೇಳನದ ಅನಂತರ ಜರ್ಮನ್ ಪದಗಳಲ್ಲಿ ಟಕಾರದ ಜೊತೆಗಿದ್ದ ಹಕಾರವನ್ನು ಕೈಬಿಡಲಾಯಿತು. ವೇಬರ್ ಅವರ ಸೂಚಿ ಅದಕ್ಕೂ ಹಿಂದಿನದು. ಭಾಗ ಎಂಬರ್ಥದ 'ಟೈಲ್' ಪದವನ್ನು ಅವರು ಹಕಾರ ಸೇರಿಸಿ ಬರೆಯುತ್ತಾರೆ. ಸೂಚಿ ಎಂಬ ಪದದ ಕೊನೆಯಲ್ಲಿ ಈಗಿರುವ ಒಂದು ಸಕಾರಕ್ಕೆ ಪ್ರತಿಯಾಗಿ ಎರಡು ಇವೆ. ಇಂದಿನ ತಂತ್ರಾಂಶಗಳು ಕಲಿಸುವುದು 1996ರ ಸುಧಾರಣೆಯ ಅನಂತರದ ಕಾಗುಣಿತ. ಇದು ದೊಡ್ಡ ತೊಂದರೆಯಲ್ಲ, ಒಂದು ಗಂಟೆಯಲ್ಲಿ ಒಗ್ಗುತ್ತದೆ; ತಿಳಿಯದವರು ಮಾತ್ರ ನಿಘಂಟಿನಲ್ಲಿ ವೃಥಾ ಹುಡುಕುತ್ತಾರೆ.

ತಂತ್ರಾಂಶಗಳಲ್ಲಿ ನಿಜವಾಗಿಯೂ ಬೆಲೆಯುಳ್ಳ ಅಂಶವೊಂದಿದೆ. ಅದು ಮರೆವನ್ನು ಎದುರಿಸುವ ಕ್ರಮ. ಹೆರ್ಮಾನ್ ಎಬ್ಬಿಂಗ್‌ಹೌಸ್ ಅವರು 1885ರಲ್ಲಿ ನೆನಪನ್ನು ಕುರಿತ ತಮ್ಮ ಪ್ರಯೋಗಗಳನ್ನು ಪ್ರಕಟಿಸಿ, ಕಲಿತುದು ಮೊದಲು ಬೇಗನೆಯೂ ಅನಂತರ ನಿಧಾನವಾಗಿಯೂ ಮರೆಯಾಗುವುದೆಂದು ತೋರಿಸಿದರು. ಪಿಮ್ಸ್ಲರ್ ಅವರು 1967ರ ಲೇಖನವೊಂದರಲ್ಲಿ ಪದವೊಂದನ್ನು ಮತ್ತೆ ನೆನಪಿಸಿಕೊಳ್ಳಬೇಕಾದ ಅಂತರಗಳನ್ನು ಸೂಚಿಸಿದರು: 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ, 5 ದಿನ, 25 ದಿನ, 4 ತಿಂಗಳು, 2 ವರ್ಷ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳಿದರೆ ಆ ಪದ ಮುಂದಿನ ಬಾರಿ ಇನ್ನೂ ದೀರ್ಘಕಾಲ ಉಳಿಯುತ್ತದೆ. ಸಾವಿರ ಪದಗಳಿಗೆ ಈ ಲೆಕ್ಕವನ್ನು ಕೈಯಲ್ಲಿ ಇಡುವುದು ಕಷ್ಟ. ಯಂತ್ರಕ್ಕೆ ಅದು ಅತ್ಯಂತ ಸುಲಭ. ಮಾರಾಟದ ತಂತ್ರಾಂಶಗಳಲ್ಲಿ ಅನೇಕವು ಈ ಕ್ರಮವನ್ನು ಒಳಗೊಂಡಿವೆ. ಆದರೆ ಡೇಮಿಯನ್ ಎಲ್ಮ್ಸ್ ಅವರು 2006ರಲ್ಲಿ ಆರಂಭಿಸಿದ ಅಂಕಿ ಎಂಬ ತಂತ್ರಾಂಶವು ಇದೊಂದನ್ನೇ ಮಾಡುತ್ತದೆ. ಗಣಕಯಂತ್ರದಲ್ಲಿಯೂ ಆಂಡ್ರಾಯ್ಡ್ ಮೊಬೈಲಿನಲ್ಲಿಯೂ ಅದಕ್ಕೆ ಬೆಲೆಯಿಲ್ಲ. ಐಫೋನಿನಲ್ಲಿ ಮಾತ್ರ ಒಂದು ಬಾರಿ ಹಣ ಕೊಡಬೇಕು. ಅದರಲ್ಲಿ ಪದಗಳನ್ನು ನಾವೇ ತುಂಬಬಹುದು. ಹಣ್ಣುಗಳ ಹೆಸರಿನ ಬದಲು 'ಉನ್‌ಫೋಲ್‌ಶ್ಟೆಂಡಿಖ್' (ಅಪೂರ್ಣ), 'ಬೆಶೇಡಿಖ್ಟ್' (ಶಿಥಿಲ), 'ಶ್ರೈಬರ್' (ಲಿಪಿಕಾರ), 'ಯಾರ್‌ಹುಂಡರ್ಟ್' (ಶತಮಾನ) ಮೊದಲಾದುವನ್ನು ಸೂಚಿಯ ಪುಟದಿಂದಲೇ ಆರಿಸಿ ಹಾಕಿಕೊಳ್ಳಬಹುದು. ಸೂಚಿಗಳ ಪದಸಂಪತ್ತು ಸೀಮಿತವಾದುದರಿಂದ ಕೆಲವು ನೂರು ಪದಗಳು ವಶವಾದರೆ ನಮೂದುಗಳ ಚೌಕಟ್ಟು ತೆರೆದುಕೊಳ್ಳುತ್ತದೆ. 'ವೋಲ್' ಪದಕ್ಕೆ 'ಬಹುಶಃ' ಎಂಬ ಅರ್ಥವನ್ನೇ ಮೊದಲು ಬರೆದುಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇದರ ಜೊತೆಗೆ ವ್ಯಾಕರಣಕ್ಕೆ ಓದುವವರಿಗಾಗಿಯೇ ಬರೆದ ಪುಸ್ತಕವೊಂದನ್ನು ಇಟ್ಟುಕೊಳ್ಳುವುದು ಯುಕ್ತ. ಸ್ಯಾಂಡ್‌ಬರ್ಗ್ ಮತ್ತು ವೆಂಡೆಲ್ ಅವರ 1973ರ ಪಠ್ಯ ಇಂಥದು. ಮಾತನಾಡುವುದನ್ನು ಬದಿಗಿಟ್ಟು ಓದನ್ನಷ್ಟೆ ಕಲಿಸುತ್ತದೆ. ಕೇಳುವ ಅಭ್ಯಾಸವೂ ಬೇಕೆನ್ನುವವರಿಗೆ ಜರ್ಮನಿಯ ಡಾಯ್ಚೆ ವೆಲ್ಲೆ ಪ್ರಸಾರ ಸಂಸ್ಥೆಯ 'ನೀಕೋಸ್ ವೇಕ್' ಪಾಠಗಳು ಉಚಿತವಾಗಿ ದೊರೆಯುತ್ತವೆ. ಗುರುಮುಖದಿಂದಲೇ ಕಲಿಯಬೇಕೆಂಬವರಿಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಇದ್ದೇ ಇದೆ. ಇತ್ತೀಚಿನ ಸಂಭಾಷಣಾ ಯಂತ್ರಗಳು ಕೇಳಿದ ವಾಕ್ಯದ ವ್ಯಾಕರಣವನ್ನು ಬಿಡಿಸಿ ಹೇಳುತ್ತವೆ, ಕನ್ನಡದಲ್ಲಿ ಕೇಳಿದರೂ ಹೇಳುತ್ತವೆ. ಅವು ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುವುದರಿಂದ ನಿಘಂಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಬಳಸಬೇಕು.

ಮಾರುವವರು ಮುಂದಿಡುವ ಪ್ರಮಾಣಗಳನ್ನು ಹೇಗೆ ಗ್ರಹಿಸಬೇಕು? ಒಂದು ಪ್ರಸಿದ್ಧ ಉದಾಹರಣೆ ಸಾಕು. 2012ರಲ್ಲಿ ರೂಮೆನ್ ವೆಸೆಲಿನೊವ್ ಮತ್ತು ಜಾನ್ ಗ್ರೆಗೊ ಎಂಬವರು ಡುವೊಲಿಂಗೊ ಕುರಿತು ಅಧ್ಯಯನವೊಂದನ್ನು ನಡೆಸಿ, ಅದರಲ್ಲಿ ಸರಾಸರಿ 34 ಗಂಟೆ ಅಭ್ಯಾಸ ಮಾಡಿದರೆ ಕಾಲೇಜಿನ ಮೊದಲ ಸೆಮಿಸ್ಟರಿನ ಸ್ಪ್ಯಾನಿಷ್ ಪಾಠಕ್ಕೆ ಸಮವಾಗುವುದೆಂದು ವರದಿ ಮಾಡಿದರು. ಈ ಸಂಖ್ಯೆ ಎಲ್ಲೆಡೆ ಉದ್ಧೃತವಾಯಿತು. ಆದರೆ ಅಧ್ಯಯನಕ್ಕೆ ಹಣ ಒದಗಿಸಿದುದು ಅದೇ ಸಂಸ್ಥೆ; ಕಲಿತ ಭಾಷೆ ಸ್ಪ್ಯಾನಿಷ್; ಲೆಕ್ಕಕ್ಕೆ ಬಂದವರು ಕೊನೆಯ ಪರೀಕ್ಷೆಯವರೆಗೂ ಉಳಿದವರು; ಅಳತೆ ಮಾಡಿದುದು ಕಾಲೇಜು ತರಗತಿಗೆ ಸೇರಿಸಿಕೊಳ್ಳಲು ಬಳಸುವ ಒಂದು ಪರೀಕ್ಷೆಯಿಂದ. ಅಧ್ಯಯನ ಸುಳ್ಳೆಂದು ಇದರ ಅರ್ಥವಲ್ಲ. ಪ್ರತಿಯೊಂದನ್ನು ಪರಿಶೀಲಿಸುವಾಗ ಅದನ್ನು ಬರೆಸಿದವರು ಯಾರು, ಯಾವುದಕ್ಕಾಗಿ, ಮಾತೃಕೆ ಯಾವುದು ಎಂದು ನಾವು ಕೇಳುತ್ತೇವಷ್ಟೆ. ಅದೇ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕು.

ಬೇರೆಯವರ ಪರೀಕ್ಷೆಗಿಂತ ನಮ್ಮದೇ ಪರೀಕ್ಷೆ ಮೇಲು, ಅದಕ್ಕೆ ಖರ್ಚೂ ಇಲ್ಲ. ಓದಬೇಕಾದ ಸೂಚಿಯಿಂದ ಒಂದು ಪುಟವನ್ನು ಆರಿಸಿ, ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಎಳೆದು, ದಿನಾಂಕ ಹಾಕಿ ಎತ್ತಿಡಬೇಕು. ಬಹುತೇಕ ತಂತ್ರಾಂಶಗಳು ಒಂದೆರಡು ವಾರ ಹಣವಿಲ್ಲದೆ ಬಳಸಲು ಬಿಡುತ್ತವೆ, ಇಲ್ಲವೆ ಮೊದಲ ಕೆಲವು ಪಾಠಗಳನ್ನು ತೆರೆದಿಡುತ್ತವೆ. ಆ ಅವಧಿಯಲ್ಲಿ ಪ್ರಾಮಾಣಿಕವಾಗಿ ಅಭ್ಯಾಸ ಮಾಡಿ, ಮುಗಿದ ದಿನ ಅದೇ ಪುಟದ ಬೇರೊಂದು ಪ್ರತಿಯಲ್ಲಿ ಮತ್ತೆ ಗೆರೆ ಎಳೆಯಬೇಕು. ಗೆರೆಗಳು ಕಡಿಮೆಯಾಗಿದ್ದರೆ ಚಂದಾ ಕೊಡುವ ಯೋಚನೆ ಮಾಡಬಹುದು. ಅಲ್ಪಾವಧಿಯಲ್ಲಿ ಫಲ ಕಾಣದೆಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವೂ ಇದೆ. ಹಾಗಾದರೆ ಮುಂದಿನ ಪಾಠಗಳ ವಿಷಯಸೂಚಿಯನ್ನು ಕೊನೆಯವರೆಗೂ ನೋಡಬೇಕು. ಕೊನೆಯ ಪಾಠದವರೆಗೂ ಅಂಗಡಿ, ನಿಲ್ದಾಣ, ಹೋಟೆಲುಗಳೇ ಇದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ.

ಬೆಲೆಯ ಲೆಕ್ಕವನ್ನು ಗಂಟೆಗೆ ಹಾಕುವುದು ವಿಹಿತ. ವರ್ಷದ ಚಂದಾ 6000 ರೂಪಾಯಿ ಎಂದು ಇಟ್ಟುಕೊಳ್ಳೋಣ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಆರು ದಿನ ಕುಳಿತರೆ ವರ್ಷಕ್ಕೆ ಸುಮಾರು 150 ಗಂಟೆ. ಗಂಟೆಗೆ 40 ರೂಪಾಯಿ. ಎರಡನೆಯ ತಿಂಗಳಿನಲ್ಲಿಯೇ ಬಿಟ್ಟು 20 ಗಂಟೆ ಮಾತ್ರ ಕುಳಿತಿದ್ದರೆ ಗಂಟೆಗೆ 300 ರೂಪಾಯಿ. ಬಿಟ್ಟುಬಿಡುವವರೇ ಹೆಚ್ಚು ಎಂಬುದು ಸುತ್ತಲೂ ಕಾಣುವ ಸಂಗತಿ. ಆದುದರಿಂದ ಬೆಲೆ ಸ್ವಲ್ಪ ಹೆಚ್ಚಾದರೂ ಮೊದಲು ಒಂದು ತಿಂಗಳಿಗೆ ಕೊಂಡು ನೋಡುವುದೇ ಲೇಸು. ಚಂದಾಗಳು ಅವಧಿ ಮುಗಿದೊಡನೆ ತಾವಾಗಿಯೇ ನವೀಕರಣಗೊಳ್ಳುತ್ತವೆಂಬುದನ್ನು ಮರೆಯಬಾರದು. 2021ರ ಅಕ್ಟೋಬರಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಹೀಗೆ ಹಣ ಕಡಿತವಾಗುವ ಮುನ್ನ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬಾರದು. ತಂತ್ರಾಂಶವನ್ನು ಮೊಬೈಲಿನಿಂದ ತೆಗೆದುಹಾಕಿದ ಮಾತ್ರಕ್ಕೆ ಚಂದಾ ರದ್ದಾಗುವುದಿಲ್ಲ; ಅದನ್ನು ಪ್ರತ್ಯೇಕವಾಗಿ ರದ್ದುಮಾಡಬೇಕು.

ಆಜೀವ ಚಂದಾ ಎಂಬುದೊಂದಿದೆ. ಯಾರ ಜೀವ ಎಂಬುದನ್ನು ಕೇಳಿಕೊಳ್ಳಬೇಕು. ಅದು ತಂತ್ರಾಂಶದ ಜೀವ; ಕೊಂಡವನದಲ್ಲ. ಫ್ಲ್ಯಾಶ್ ಎಂಬ ವ್ಯವಸ್ಥೆಯನ್ನು ಅದರ ತಯಾರಕರು 2020ರ ಡಿಸೆಂಬರ್ 31ರಂದು ಕೈಬಿಟ್ಟಾಗ ಅದನ್ನು ನೆಚ್ಚಿದ್ದ ಪಾಠಗಳು ಜಾಲದಲ್ಲಿ ನಿಂತುಹೋದವು. ಹಳೆಯ ಸೀಡಿಗಳಲ್ಲಿ ಕೊಂಡ ಪಾಠಗಳನ್ನು ಇಂದಿನ ಗಣಕಯಂತ್ರಗಳಲ್ಲಿ ತೆರೆಯಲು ಪ್ರಯತ್ನಿಸಿದವರಿಗೆ ಈ ಮಾತು ಅರ್ಥವಾಗುತ್ತದೆ. ನೂರಾರು ವರ್ಷ ಬಾಳಿದ ಓಲೆಗಳ ನಡುವೆ ಕೆಲಸ ಮಾಡುವ ನಮಗೆ ಹತ್ತು ವರ್ಷಕ್ಕೆ ಮುರುಟುವ ಈ ವಸ್ತು ವಿಚಿತ್ರವಾಗಿ ಕಾಣುವುದು ಸಹಜ.

ಇನ್ನು ಗ್ರಂಥಾಲಯಗಳ ವಿಷಯ. ಚಂದಾ ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ಹೆಸರಿನದು. ಕಲಿಯುವವನ ಪ್ರಗತಿಯನ್ನು ನೋಡಿಯೇ ಯಂತ್ರ ಮುಂದಿನ ಪದವನ್ನು ಆರಿಸುವುದರಿಂದ, ನಿಯಮ ಒಪ್ಪಿದರೂ ಇಬ್ಬರು ಒಂದೇ ಖಾತೆಯಲ್ಲಿ ಕಲಿಯಲಾಗದು. ನಿಘಂಟಾದರೆ ಇಪ್ಪತ್ತು ಜನ ಇಪ್ಪತ್ತು ವರ್ಷ ತಿರುವಿಹಾಕಬಹುದು. ಸಂಸ್ಥೆಯ ವತಿಯಿಂದ ಒಬ್ಬ ಸಂಶೋಧಕನನ್ನು ಜರ್ಮನಿಗೆ ಕಳುಹಿಸುವುದಿದ್ದು ಆತನು ಅಲ್ಲಿ ಮಾತನಾಡಿ ಬಾಳಬೇಕಾದರೆ, ಆತನಿಗೆ ಆರು ತಿಂಗಳ ಚಂದಾ ಕೊಡಿಸುವುದು ಸಾರ್ಥಕವಾದ ವೆಚ್ಚವೆಂದು ನಾನು ಭಾವಿಸುತ್ತೇನೆ. ಸೂಚಿಗಳನ್ನು ಓದುವುದಕ್ಕಾಗಿ ಮಾತ್ರವಾದರೆ ಆ ಹಣದಲ್ಲಿ ಒಳ್ಳೆಯ ಜರ್ಮನ್ ನಿಘಂಟೊಂದನ್ನೂ ಓದಿನ ವ್ಯಾಕರಣವೊಂದನ್ನೂ ತರಿಸಿ, ಪದಪಟ್ಟಿಯನ್ನು ಅಭ್ಯಾಸಿಗಳೇ ಸೇರಿ ಸಿದ್ಧಪಡಿಸಿಕೊಳ್ಳುವುದು ಒಳಿತು. ಒಬ್ಬರು ಪುಟದಿಂದ ಆರಿಸಿ ಅಂಕಿಯಲ್ಲಿ ತುಂಬಿದ ಪದಪಟ್ಟಿಯನ್ನು ಕಡತವಾಗಿ ಇನ್ನೊಬ್ಬರಿಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ಸಂಕ್ಷೇಪಾಕ್ಷರಗಳನ್ನು ಅದರಲ್ಲಿ ಮೊದಲು ಸೇರಿಸಬೇಕು; ವೇಬರ್ ಅವರ ಸೂಚಿಯನ್ನು ತೆರೆದ ಮೊದಲ ದಿನ ಓದುಗನನ್ನು ತಡೆದು ನಿಲ್ಲಿಸುವವು ಅವೇ.